ಮುಖ ಮರೆಸದ ವೇಷ

ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿಯ 'ಮ್ಯಾಜಿಕ್ ಕಿಂಗ್‌ಡಮ್' ಉದ್ಯಾನದಲ್ಲಿ ಮಾಮೂಲಿ ದಿನಗಳಲ್ಲಿ ವೇಷ ಕಟ್ಟುವವರು ಸಿಬ್ಬಂದಿ, ನೋಡುವವರು ಸಂದರ್ಶಕರು. 14 ವರ್ಷ ತುಂಬಿದ ಸಂದರ್ಶಕರು ವೇಷ ತೊಡುವಂತಿಲ್ಲ. ಹ್ಯಾಲೊವೀನ್ ಕೂಟದ ರಾತ್ರಿ ಈ ಕಟ್ಟು ಸಡಿಲಗೊಳ್ಳುತ್ತದೆ.

ಈ ಹಬ್ಬದ ಬೇರನ್ನು ಕೆಲ್ಟ್ ಜನರ 'ಸಾವಿನ್' ಆಚರಣೆಯಲ್ಲಿ ಗುರುತಿಸುವುದು ವಾಡಿಕೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಸಂಧಿಯಲ್ಲಿ ಪ್ರೇತಗಳು ಸಂಚರಿಸುತ್ತವೆಂದು ನಂಬಿಕೆ. ಅವುಗಳ ಕಣ್ಣು ತಪ್ಪಿಸಲೆಂದೇ ವೇಷ ಹುಟ್ಟಿತೆಂದು ಹೇಳಿಕೆ. ಮುಂದೆ ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಹುಡುಗರು ಮುಖ ಮರೆಸಿಕೊಂಡು ಮನೆಮನೆಗೆ ಹೋಗಿ, ಹಾಡಿ, ಹಣ್ಣು ಕಾಸು ಪಡೆಯತೊಡಗಿದರು. 19ನೇ ಶತಮಾನದ ವಲಸಿಗರೊಡನೆ ಹಬ್ಬವೂ ಅಮೆರಿಕಕ್ಕೆ ಬಂತು.

1973ರಲ್ಲಿ ಕ್ಯಾಲಿಫೋರ್ನಿಯದ ನಾಟ್ಸ್ ಬೆರಿ ಫಾರ್ಮ್ ಉದ್ಯಾನ ಜನರನ್ನು ಬೆಚ್ಚಿಬೀಳಿಸುವ ಹ್ಯಾಲೊವೀನ್ ರಾತ್ರಿಗಳನ್ನು ಆರಂಭಿಸಿತು. ಮ್ಯಾಜಿಕ್ ಕಿಂಗ್‌ಡಮ್ 1995ರ ಅಕ್ಟೋಬರ್ 31ರಂದು ಮಕ್ಕಳನ್ನು ಹೆದರಿಸದ ಕೂಟ ನಡೆಸಿತು. ಅಂದು ಒಂದೇ ರಾತ್ರಿಯದಾಗಿದ್ದ ಅದು ಈಗ ಆಗಸ್ಟ್‌ನಿಂದಲೇ ಹಲವು ರಾತ್ರಿ ನಡೆಯುತ್ತದೆ. ಪ್ರವೇಶಕ್ಕೆ ಪ್ರತ್ಯೇಕ ಟಿಕೆಟ್.

ಅಲ್ಲಿ ಅಂಗಡಿಯ ಸಿದ್ಧ ಉಡುಪಿಗಿಂತ ಮನೆಯಲ್ಲೇ ಹೊಲಿದ, ಇಡೀ ಕುಟುಂಬವನ್ನು ಒಂದೇ ಕಥೆಯ ಪಾತ್ರಗಳಾಗಿಸುವ ವೇಷಗಳತ್ತ ಜನ ತಿರುಗಿ ನೋಡುತ್ತಾರೆ. ದೊಡ್ಡವರು ಮುಖವಾಡ ಧರಿಸುವಂತಿಲ್ಲ ಎಂಬುದು ನಿಯಮ. ಮುಖ ಅಡಗಿಸಲು ಹುಟ್ಟಿತೆನ್ನುವ ವೇಷ, ಇಲ್ಲಿ ಮುಖ ತೋರಿಸಿಯೇ ಮೆಚ್ಚುಗೆ ಪಡೆಯಬೇಕು. ವರ್ಷವಿಡೀ ನೋಡುಗರಾಗಿದ್ದವರು ಆ ರಾತ್ರಿ ತಾವೇ ನೋಟವಾಗುತ್ತಾರೆ.