ಕೆಲಸ ಹೋದದ್ದಕ್ಕೆ ಹೆಸರೇನು?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವಂತೆ. ಅವರೇ ರಾಜೀನಾಮೆ ಕೊಟ್ಟು ಹೋಗ್ತಾರಂತೆ. ಬೆಳಿಗ್ಗೆ ಒಂದು ಕೋಣೆಗೆ ಕರೆಯುತ್ತಾರೆ, ಕಾಗದ ಮುಂದಿಡುತ್ತಾರೆ, ಸಂಜೆಯೊಳಗೆ ಸಹಿ ಬಿದ್ದಿರುತ್ತದೆ. ಹೊರಗೆ ಬಂದ ಹುಡುಗ ಊರಿಗೆ ಫೋನು ಮಾಡಿ ಏನು ಹೇಳಬೇಕು? ‘ನಾನೇ ಬಿಟ್ಟೆ’ ಅಂತಲೋ, ‘ನನ್ನನ್ನು ಬಿಡಿಸಿದರು’ ಅಂತಲೋ? ಇದು ಬರೀ ಮಾತಿನ ವ್ಯತ್ಯಾಸವಲ್ಲ. ಕೆಲಸ ಹೋದದ್ದಕ್ಕೆ ಯಾವ ಹೆಸರು ಇಡುತ್ತಾರೋ ಅದರ ಮೇಲೆ ಅನ್ನ ನಿಂತಿದೆ. ಈ ಹೆಸರಿಗೆ ಒಂದು ಚರಿತ್ರೆ ಇದೆ.

ಅದನ್ನು ನಾವು ಕೋಲಾರದ ಚಿನ್ನದ ಗಣಿಯಿಂದಲೇ ಓದಬೇಕು. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂತು. ಪಾತಾಳಕ್ಕೆ ಇಳಿದವರಲ್ಲಿ ಬಹುಪಾಲು ಜನ ಊರಾಚೆಯ ಕೇರಿಗಳಿಂದ ಬಂದ, ತಮಿಳು ಮಾತಾಡುವ ದಲಿತರು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹರಿದದ್ದು ಈ ಗಣಿಗೆ. 1930ರಲ್ಲಿ ಕೂಲಿಗಳ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟಾಗ ಗಣಿಯೇ ಮುಷ್ಕರ ಹೂಡಿತು. ಅಕ್ಷರ ಬಾರದ ಆ ಜನಕ್ಕೆ ದಾಖಲೆಯ ಬಲ ಏನೆಂಬುದು ಚೆನ್ನಾಗಿ ಗೊತ್ತಿತ್ತು. 1956ರಲ್ಲಿ ಗಣಿ ಸರ್ಕಾರದ್ದಾಯಿತು. 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ಬರುವ ಗಣಿ ಮಕ್ಕಳಲ್ಲಿ ಕಂಪ್ಯೂಟರ್ ಮುಂದೆ ಕೂತವರೂ ಇದ್ದಾರೆ, ಆ ಕಂಪ್ಯೂಟರಿನ ಕೋಣೆ ಗುಡಿಸುವವರೂ ಇದ್ದಾರೆ.

ಇನ್ನೊಂದು ಪುಟ ಬೆಂಗಳೂರಿನದೇ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಹಳ್ಳಿಯಿಂದ ಬಂದ ಹುಡುಗನಿಗೆ ಸಂಬಳ, ಕ್ವಾರ್ಟರ್ಸು, ಪಿಂಚಣಿ ಕೊಟ್ಟವು. ಮೀಸಲಾತಿಯಿಂದಾಗಿ ನಮ್ಮ ಕೇರಿಗಳಿಗೂ ಅಲ್ಲಿ ಬಾಗಿಲು ತೆರೆಯಿತು. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ 77 ದಿನ ಈ ಕಾರ್ಖಾನೆಗಳ ಕಾರ್ಮಿಕರು ಮುಷ್ಕರ ನಡೆಸಿದರು. ಅದೇ 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಹುಟ್ಟಿತು. 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. 1991ರ ನಂತರ ಸರ್ಕಾರಿ ಕಾರ್ಖಾನೆಗಳಲ್ಲಿ ಒಂದು ಹೊಸ ಪದ ಓಡಾಡತೊಡಗಿತು: ‘ಸ್ವಯಂ ನಿವೃತ್ತಿ’. ಹೋಗದಿದ್ದರೆ ನಾಳೆ ಈ ದುಡ್ಡೂ ಇಲ್ಲ ಅಂತ ಹೆದರಿಸಿದ ಮೇಲೆ ಅದರಲ್ಲಿ ‘ಸ್ವಯಂ’ ಎಲ್ಲಿ ಉಳಿಯಿತು? 2016ರಲ್ಲಿ ಎಚ್‌ಎಂಟಿ ವಾಚು ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಇತ್ತ ಖಾಸಗಿ ಕಂಪನಿಗಳು ಬೆಳೆದವು. ಅಲ್ಲಿ ಮೀಸಲಾತಿಯ ಕಾನೂನಿಲ್ಲ.

ಈಗ ಕಾನೂನಿಗೆ ಬರೋಣ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಒಂದು ಅಧ್ಯಾಯ ಸೇರಿತು. ಒಂದು ವರ್ಷ ದುಡಿದ ಕಾರ್ಮಿಕನನ್ನು ಹೆಚ್ಚುವರಿ ಅಂತ ತೆಗೆದರೆ ಒಂದು ತಿಂಗಳ ನೋಟೀಸು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಸಾಮಾನ್ಯವಾಗಿ ಕೊನೆಗೆ ಬಂದವನು ಮೊದಲು ಹೋಗಬೇಕು. ಆದರೆ ತಾನಾಗಿ ಬಿಟ್ಟವನಿಗೆ ಇದು ಯಾವುದೂ ಇಲ್ಲ. ಕೋಣೆಯಲ್ಲಿ ರಾಜೀನಾಮೆಗೇ ಯಾಕೆ ಸಹಿ ಕೇಳ್ತಾರೆ ಅನ್ನುವುದು ಈಗ ತಿಳಿಯಿತಲ್ಲವೇ? 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಕಾಯ್ದೆಯ ಜಾಗಕ್ಕೆ ಬಂತು. ನೋಟೀಸು, ಪರಿಹಾರ ಅದರಲ್ಲೂ ಉಳಿದಿವೆ. ಆದರೆ ತೆಗೆಯುವ ಮುನ್ನ ಸರ್ಕಾರದ ಅನುಮತಿ ಬೇಕೆಂಬ ನಿಯಮ ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ. ಅದೂ 300 ಕಾರ್ಮಿಕರಿದ್ದಲ್ಲಿ. ಹತ್ತು ಸಾವಿರ ಜನ ಕೂತು ದುಡಿಯುವ ಗಾಜಿನ ಕಟ್ಟಡ ಕಾರ್ಖಾನೆಯಲ್ಲವಂತೆ!

ಕರ್ನಾಟಕ ಸರ್ಕಾರ ಮಾಡಿದ್ದೇನು? ಕೆಲಸದ ಷರತ್ತು, ವಿಚಾರಣೆ, ವಜಾ ಇವನ್ನೆಲ್ಲ ಬರೆದಿಡಬೇಕೆಂಬ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಈ ಕಂಪನಿಗಳಿಗೆ 2014ರಲ್ಲಿ ವಿನಾಯಿತಿ ಕೊಟ್ಟಿತು. 2019ರಲ್ಲಿ, 2024ರಲ್ಲಿ ಮತ್ತೆ ಕೊಟ್ಟಿತು. ದೂರು ಕೇಳುವ ಸಮಿತಿ ಇರಬೇಕು, ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅಂತ ಷರತ್ತು ಹಾಕಿತು. ರಾಜೀನಾಮೆ ಅಂತ ಬರೆಸಿಕೊಂಡರೆ ತಿಳಿಸುವುದಕ್ಕೆ ಏನು ಉಳಿಯಿತು?

2022ರ ನವೆಂಬರಿನಲ್ಲಿ ಮೆಟಾ 11,000, 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ಲೋಕದಾದ್ಯಂತ ಬಿಡಿಸುವುದಾಗಿ ಹೇಳಿದವು. 2025ರ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಿಂದ 300ಕ್ಕೂ ಹೆಚ್ಚು ತರಬೇತಿಯವರು ಹೊರಬಂದರು. ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ ಅಂತ ಕಂಪನಿ ಹೇಳಿತು. ಅದೇ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ನೂರಕ್ಕೆ ಎರಡು ಪಾಲು, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಸಾರಿತು. ಸಾವಿರ ಜನರ ಕೆಲಸ ಒಂದೇ ದಿನ ಹೋದರೆ ಅದು ಸಾವಿರ ಜನರ ದಡ್ಡತನವಲ್ಲ. ಆದರೂ ಒಬ್ಬೊಬ್ಬನೂ ತನ್ನ ಕೋಣೆಯಲ್ಲಿ ತಾನೇ ದಡ್ಡ ಅಂತ ನಂಬಿ ಕೊರಗುತ್ತಾನೆ. ಹುಟ್ಟಿನಿಂದಲೇ ಕೀಳು ಅಂತ ಕೇಳಿಸಿಕೊಂಡು ಬೆಳೆದ ನಮಗೆ ಈ ನಂಬಿಸುವ ವಿದ್ಯೆ ಹೊಸದಲ್ಲ. ಮನೆತನದಲ್ಲಿ ಮೊದಲ ಸಲ ಡಿಗ್ರಿ ಪಡೆದ ಹುಡುಗಿಗೆ ಸಾಲದ ಕಂತು, ತಮ್ಮನ ಫೀಸು, ಅಪ್ಪನ ಔಷಧಿ ಎಲ್ಲ ಆ ಒಂದು ಸಂಬಳದಲ್ಲೇ ಇರುತ್ತದೆ. ಬೆನ್ನ ಹಿಂದೆ ಎರಡೆಕರೆ ಹೊಲವೂ ಇರುವುದಿಲ್ಲ.

1938ರಲ್ಲಿ ಮುಂಬಯಿ ಸರ್ಕಾರ ಮುಷ್ಕರಕ್ಕೆ ಮೂಗುದಾರ ಹಾಕುವ ಮಸೂದೆ ತಂದಾಗ ಬಾಬಾಸಾಹೇಬರು ಶಾಸನಸಭೆಯಲ್ಲಿ ಎದುರಿಸಿದರು. ನವೆಂಬರ್ 7ರಂದು ಮುಷ್ಕರಕ್ಕೂ ಇಳಿದರು. ಜಾತಿಯನ್ನು ಪ್ರಶ್ನಿಸಿದವರೇ ಕೂಲಿಯವನ ಹಕ್ಕನ್ನೂ ಹಿಡಿದು ನಿಂತರು. ಕರ್ನಾಟಕದಲ್ಲಿ 2017ರಲ್ಲಿ ಐಟಿ ನೌಕರರ ಸಂಘ, ಕಿಟು, ಹುಟ್ಟಿದೆ. ‘ನಾವು ಇಂಜಿನಿಯರು, ಕಾರ್ಮಿಕರಲ್ಲ’ ಅನ್ನುವ ಜಂಬ ಅದಕ್ಕೆ ದೊಡ್ಡ ಅಡ್ಡಿ. ಕಾನೂನು ಕಾರ್ಮಿಕ ಅಂತ ಕರೆದಾಗ ಸಿಗುವ ಪರಿಹಾರ ಇಂಜಿನಿಯರ್ ಅಂತ ಕರೆದಾಗ ಸಿಗುವುದಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಹಳೆಯ ವಿದ್ಯಾರ್ಥಿ ಕೆಲಸ ಹೋಗಿ ಊರಿಗೆ ಬಂದರೆ ‘ಏನು ತಪ್ಪು ಮಾಡಿದೆ’ ಅಂತ ಕೇಳಬೇಡಿ. ‘ಯಾವ ಕಾಗದಕ್ಕೆ ಸಹಿ ಹಾಕಿದೆ’ ಅಂತ ಕೇಳಿ. ಗೆಳೆಯರೇ, ಆ ಕೋಣೆಗೆ ಕರೆದರೆ ಅದೇ ಹೊತ್ತಿಗೆ ಸಹಿ ಹಾಕಬೇಡಿ. ತೆಗೆಯುವುದಿದ್ದರೆ ತೆಗೆದಿದ್ದೇವೆ ಅಂತ ಬರೆದು ಕೊಡಿ ಎನ್ನಿ. ನೇಮಕದ ಪತ್ರ, ಸಂಬಳದ ಚೀಟಿ ಮನೆಯಲ್ಲಿ ಜೋಪಾನವಾಗಿಡಿ. ಸಂಘಕ್ಕೆ, ಕಾರ್ಮಿಕ ಇಲಾಖೆಗೆ ಹೋಗಿ, ಒಬ್ಬರೇ ಹೋಗಬೇಡಿ. ಗುಡಿಸುವವರನ್ನೂ ಕ್ಯಾಂಟೀನಿನವರನ್ನೂ ಜೊತೆಗೆ ಕರೆದುಕೊಳ್ಳಿ, ಕಟ್ಟಡ ಖಾಲಿಯಾದಾಗ ಅವರ ಕೂಲಿಯೂ ನಿಲ್ಲುತ್ತದೆ. ಅವರಿಗೆ ಯಾವ ಕಾಗದವನ್ನೂ ಯಾರೂ ಕೊಟ್ಟಿರುವುದಿಲ್ಲ.