ದೇವದಾಸನೂ ಮುಚ್ಚಿದ ಬಾಗಿಲೂ

ಶರಚ್ಚಂದ್ರ ಚಟ್ಟೋಪಾಧ್ಯಾಯರು ಇಪ್ಪತ್ತೈದರ ಆಸುಪಾಸಿನಲ್ಲಿ ಬರೆದಿಟ್ಟಿದ್ದ ‘ದೇವದಾಸ’ ಎಂಬ ಕಿರುಕಾದಂಬರಿ ಪುಸ್ತಕವಾಗಿ ಹೊರಬಂದದ್ದು 1917ರಲ್ಲಿ. ಒಂದೆರಡು ಸಂಜೆಗಳಲ್ಲಿ ಓದಿ ಮುಗಿಸಬಹುದಾದ ಈ ಕೃತಿ ಬೆಳ್ಳಿತೆರೆಗೆ ಮಾತ್ರ ಇಂದಿಗೂ ಮುಗಿಯದ ವಸ್ತುವಾಗಿದೆ. 1928ರಲ್ಲಿ ನರೇಶ್ ಮಿತ್ರರ ಮೂಕಿಚಿತ್ರ ಬಂದಿತು. 1935ರಲ್ಲಿ ಪ್ರಮಥೇಶ ಬರೂವಾ ಅವರ ಬಂಗಾಳಿ ಚಿತ್ರ, ಮರುವರ್ಷವೇ ಸೈಗಲ್ ಅಭಿನಯದ ಹಿಂದಿ ಚಿತ್ರ. 1953ರಲ್ಲಿ ನಾಗೇಶ್ವರರಾಯರ ತೆಲುಗು ‘ದೇವದಾಸು’, 1955ರಲ್ಲಿ ಬಿಮಲ್ ರಾಯ್ ಅವರ ಕೃತಿ, 2002ರಲ್ಲಿ ಸಂಜಯ್ ಲೀಲಾ ಭನ್ಸಾಲಿ ಅವರ ವೈಭವದ ಚಿತ್ರ. ಇವುಗಳಲ್ಲಿ ಮೂಲಕ್ಕೆ ನಿಷ್ಠವಾದುದು ಯಾವುದು?

ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ, ಈ ಕಾದಂಬರಿಯ ಕೊನೆ ಹೇಗಿದೆ ಎಂದು ಕೇಳಿದರೆ ವಿದ್ಯಾರ್ಥಿಗಳಿಂದ ಬರುತ್ತಿದ್ದ ಉತ್ತರ ಸಾಮಾನ್ಯವಾಗಿ ಒಂದೇ: ಪಾರ್ವತಿ ಓಡಿ ಬರುತ್ತಾಳೆ, ಹೆಬ್ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಬಾಗಿಲು ಬರೂವಾ ಅವರ ಕಲ್ಪನೆ, ಶರಚ್ಚಂದ್ರರದಲ್ಲ.

ಮೂಲದಲ್ಲಿ ದೇವದಾಸ ರೈಲಿಳಿದು, ಎತ್ತಿನ ಗಾಡಿಯಲ್ಲಿ ನಡುರಾತ್ರಿ ಹಾತಿಪೋತಾ ಗ್ರಾಮವನ್ನು ತಲುಪುತ್ತಾನೆ. ಜಮೀನ್ದಾರರ ಮನೆಯೆದುರಿನ ಅಶ್ವತ್ಥಕಟ್ಟೆಯ ಮೇಲೆ ಮಲಗಿದವನು ಮರುದಿನ ಬೆಳಿಗ್ಗೆ ಅಲ್ಲಿಯೇ ಪ್ರಾಣ ಬಿಡುತ್ತಾನೆ. ಬ್ರಾಹ್ಮಣನ ಶವವೆಂದು ತಿಳಿದೂ ಊರವರಾರೂ ಮುಟ್ಟುವುದಿಲ್ಲ. ಚಂಡಾಲರು ಬಂದು ಒಯ್ದು, ಬತ್ತಿದ ಕೆರೆಯ ದಂಡೆಯಲ್ಲಿ ಅರೆಬೆಂದ ದೇಹವನ್ನು ಬಿಟ್ಟುಹೋಗುತ್ತಾರೆ. ಅದು ನಾಯಿನರಿಗಳ ಪಾಲಾಗುತ್ತದೆ. ಪಾರ್ವತಿಗೆ ಸುದ್ದಿ ತಿಳಿಯುವುದು ಇಷ್ಟೆಲ್ಲ ಮುಗಿದ ಮೇಲೆ. ಹುಚ್ಚಿಯಂತೆ ಓಡಿದವಳನ್ನು, ಮೂರ್ಛೆ ಹೋದ ಮೇಲೆ, ಮನೆಯವರು ಹೊತ್ತು ಒಳಗೆ ತರುತ್ತಾರೆ.

ಈ ಎರಡು ಮುಕ್ತಾಯಗಳ ನಡುವಿನ ಅಂತರ ಸಣ್ಣದಲ್ಲ. ಬಾಗಿಲು ಮುಚ್ಚಿದಾಗ ನಾವು ಒಂದು ಮನೆತನವನ್ನು ದೂರಿ ಕಣ್ಣೊರೆಸಿಕೊಳ್ಳಬಹುದು. ಶರಚ್ಚಂದ್ರರಾದರೋ ಇಡೀ ಊರನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. ಕಾದಂಬರಿಯ ಆರಂಭದಲ್ಲಿ ಪಾರ್ವತಿಯನ್ನು ಸೊಸೆಯಾಗಿ ತರಲು ಅಡ್ಡಿಯಾದದ್ದು ಅವಳದು ಕನ್ಯಾಶುಲ್ಕ ಪಡೆಯುವ ಮನೆತನವೆಂಬ ಹೀನಾಯ, ಜೊತೆಗೆ ನೆರೆಮನೆಯ ಸಂಬಂಧವೆಂಬ ಸಂಕೋಚ. ಕುಲದ ಹಮ್ಮಿನಿಂದ ಮೊದಲಾದ ಕಥೆ ಮುಟ್ಟುವವರಿಲ್ಲದ ಶವದಲ್ಲಿ ಮುಗಿಯುತ್ತದೆ. ಬಾಗಿಲಿನ ಕರುಣರಸ ಈ ಕಠೋರ ಸತ್ಯವನ್ನು ಪ್ರೇಕ್ಷಕರ ನೆನಪಿನಿಂದ ಮರೆಮಾಡಿತು.

ಚಿತ್ರಗಳು ಕಾದಂಬರಿಯನ್ನು ಅನುಸರಿಸಿದ್ದಕ್ಕಿಂತ ಹಿಂದಿನ ಚಿತ್ರಗಳನ್ನೇ ಹೆಚ್ಚು ಅನುಸರಿಸಿದವು ಎಂಬುದು ಈ ಇತಿಹಾಸದ ಸಾರ. ಸೈಗಲ್ ಚಿತ್ರಕ್ಕೆ ಛಾಯಾಗ್ರಾಹಕರಾಗಿದ್ದವರೇ ಬಿಮಲ್ ರಾಯ್. ಆ ಬಾಗಿಲು ಅವರ ಸ್ವಂತ ಚಿತ್ರಕ್ಕೂ ಬಂದಿತು. ಭನ್ಸಾಲಿಯವರಲ್ಲಿ ಅದು ಇನ್ನಷ್ಟು ಭವ್ಯವಾಯಿತು: ಅಲ್ಲಿ ದೇವದಾಸ ಇನ್ನೂ ಉಸಿರಾಡುತ್ತಿರುವಾಗಲೇ ಪಾರ್ವತಿ ಓಡಿ ಬರುತ್ತಾಳೆ.

ಹಾಗೆಂದು ಬದಲಾವಣೆಯೆಲ್ಲವೂ ದ್ರೋಹವೆನ್ನಲಾಗದು. ಕಾದಂಬರಿಯಲ್ಲಿ ಪಾರ್ವತಿಯೂ ಚಂದ್ರಮುಖಿಯೂ ಎಂದೂ ಸಂಧಿಸುವುದಿಲ್ಲ. ಬಿಮಲ್ ರಾಯ್ ಅವರನ್ನು ಹಾದಿಯಲ್ಲಿ ಎದುರುಬದುರಾಗಿಸಿದರು. ಒಬ್ಬಳು ಪಲ್ಲಕ್ಕಿಯಲ್ಲಿ, ಇನ್ನೊಬ್ಬಳು ಕಾಲುನಡಿಗೆಯಲ್ಲಿ. ಒಂದು ಮಾತೂ ಇಲ್ಲ. ಪುಸ್ತಕದಲ್ಲಿಲ್ಲದ ಈ ದೃಶ್ಯ ಪುಸ್ತಕದ ಮರ್ಮವನ್ನೇ ನುಡಿಯುತ್ತದೆ. ಭನ್ಸಾಲಿ ಅದೇ ಇಬ್ಬರನ್ನು ಜೊತೆಯಾಗಿ ಕುಣಿಸಿದರು. ದೇವದಾಸ ಪಾರ್ವತಿಯ ಹಣೆಗೆ ಗಾಯ ಮಾಡಿದ್ದು ಮೂಲದಲ್ಲಿ ಮೀನಿನ ಗಾಳದ ಕೋಲಿನಿಂದ. ಇಲ್ಲಿ ಮುತ್ತಿನ ಹಾರದಿಂದ. ಹೊಡೆತವೂ ಒಡವೆಯಾಯಿತು!

ಕಥೆ ಮುಗಿಸುವಾಗ ಶರಚ್ಚಂದ್ರರು ಓದುಗರಲ್ಲಿ ಬೇಡುವುದು ಇಷ್ಟನ್ನೇ: ಎಂಥ ಪಾಪಿಯೇ ಆಗಲಿ, ಸಾಯುವಾಗ ಒಂದು ಸ್ನೇಹದ ಸ್ಪರ್ಶ ಅವನಿಗೆ ದೊರೆಯಲಿ. ಸ್ಪರ್ಶವನ್ನೇ ನಿರಾಕರಿಸಿದ ಊರಿನ ಚಿತ್ರ ಕಣ್ಣ ಮುಂದಿದ್ದರೆ ಮಾತ್ರ ಈ ಬೇಡಿಕೆಯ ತೂಕ ತಿಳಿಯುತ್ತದೆ. ಚಿತ್ರ ನೋಡಿ ಕಣ್ಣೀರು ಹಾಕಿದವರು ಆ ಕೊನೆಯ ಪುಟಗಳನ್ನು ಒಮ್ಮೆ ಓದಬೇಕೆಂಬುದು ನನ್ನ ಅರಿಕೆ.