ಐವರ್ಸನ್ ತೋಳಿನಿಂದ ಅಜ್ಜಿಯ ಹೆಸರು ಅಳಿಸಿದ್ದು ಯಾಕೆ?

ಇವತ್ತಿನ ಇತಿಹಾಸ ರಾಜರದ್ದಲ್ಲ, ಯುದ್ಧದ್ದೂ ಅಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರರ ಚರ್ಮದ ಮೇಲೆ ಬರೆದಿರೋದು. ನಾವು ಟ್ಯಾಟೂ ಅಂತೀವಿ, ನಮ್ಮ ಅಜ್ಜಿಯರು ಹಚ್ಚೆ ಅಂತಿದ್ರು. ನಾನು ಎರಡೂ ಪದ ಬಳಸ್ತೀನಿ, ಅಡ್ಜಸ್ಟ್ ಮಾಡ್ಕೊಳ್ಳಿ.

1999ರ ಕೊನೆಗೆ ಹೋಗೋಣ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ‘ಹೂಪ್’ ಅನ್ನೋ ತನ್ನದೇ ಮ್ಯಾಗಜೀನ್ ಇತ್ತು. ಆ ವರ್ಷದ ರಜಾ ಸಂಚಿಕೆಯ ಮುಖಪುಟಕ್ಕೆ ಫಿಲಡೆಲ್ಫಿಯಾ 76ಅರ್ಸ್ ತಂಡದ ಅಲೆನ್ ಐವರ್ಸನ್ ಫೋಟೊ ಹಾಕಿದ್ರು. ಹಾಕಲೇಬೇಕಿತ್ತು. ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ ಅತಿ ಹೆಚ್ಚು ಅಂಕ ಗಳಿಸಿದವನು ಅವನೇ. ಏಳಡಿ ಎತ್ತರದವರ ಮಧ್ಯೆ ಆರಡಿಯ ಹುಡುಗ. ಊರೂರಲ್ಲಿ ಮಕ್ಕಳು ಅವನ ಹಾಗೆ ಚೆಂಡು ತಿರುಗಿಸೋಕೆ ಕಲೀತಿದ್ರು.

ಮ್ಯಾಗಜೀನ್ ಬಂತು. ಮುಖಪುಟದಲ್ಲಿ ಇದ್ದವನು ಐವರ್ಸನ್ನೇ, ಆದ್ರೆ ತೋಳು ಖಾಲಿ, ಕತ್ತು ಖಾಲಿ. ಹಚ್ಚೆ ಒಂದೂ ಇಲ್ಲ. ಕಂಪ್ಯೂಟರಲ್ಲಿ ಕೂತು ಯಾರೋ ನೀಟಾಗಿ ಎಲ್ಲ ಒರೆಸಿ ಹಾಕಿದ್ರು. ಇವತ್ತು ನಮ್ಮ ಫೋನಿನ ಫಿಲ್ಟರ್ ಮೊಡವೆ ಅಳಿಸುತ್ತಲ್ಲ, ಹಾಗೆ.

ಐವರ್ಸನ್‌ಗೆ ಸಿಟ್ಟು ಬಂತು, ಬಹಿರಂಗವಾಗೇ ಹೇಳಿದ. ಅವನ ಮಾತಿನ ಸಾರಾಂಶ ಇಷ್ಟು: ಅಲ್ಲಿರೋದು ನನ್ನ ಅಮ್ಮನ ಹೆಸರು, ಅಜ್ಜಿಯ ಹೆಸರು, ನನ್ನ ಮಕ್ಕಳು, ನಾನು ಮದುವೆಯಾಗಲಿರುವ ಹುಡುಗಿ. ನನ್ನನ್ನು ಬೇರೆ ಮನುಷ್ಯನನ್ನಾಗಿ ತಿದ್ದೋಕೆ ಇವರಿಗೆ ಅಧಿಕಾರ ಕೊಟ್ಟವರು ಯಾರು?

ಈ ಪ್ರಶ್ನೆಯನ್ನು ಸ್ವಲ್ಪ ಹಿಡ್ಕೊಂಡಿರಿ. ಮುಂದಿನ ಇಪ್ಪತ್ತೈದು ವರ್ಷ ಲೀಗ್, ಶೂ ಕಂಪನಿ, ವಿಡಿಯೊ ಗೇಮ್ ಕಂಪನಿ, ಕೋರ್ಟು ಎಲ್ಲ ಕಡೆ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತೆ. ಅದಕ್ಕೆ ಮೊದಲು ಆ ಹೆಸರುಗಳು ಅವನ ಮೈಮೇಲೆ ಬಂದಿದ್ದು ಹೇಗೆ ಅಂತ ನೋಡಬೇಕು.

ಐವರ್ಸನ್ ಹುಟ್ಟಿದ್ದು 1975ರಲ್ಲಿ, ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್‌ನಲ್ಲಿ. ಅಮ್ಮ ಆನ್‌ಗೆ ಆಗ 15 ವರ್ಷ. ಹ್ಯಾಂಪ್ಟನ್, ಪಕ್ಕದ ನ್ಯೂಪೋರ್ಟ್ ನ್ಯೂಸ್, ಈ ಎರಡು ಊರುಗಳ ನಡುವೆ ಬಡತನದಲ್ಲೇ ಬೆಳೆದ. ಹೈಸ್ಕೂಲಲ್ಲಿ ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಎರಡರಲ್ಲೂ ಶಾಲೆಗೆ ರಾಜ್ಯ ಚಾಂಪಿಯನ್‌ಶಿಪ್ ಗೆದ್ದು ಕೊಟ್ಟ, ಅದೂ ಒಂದೇ ವರ್ಷದಲ್ಲಿ.

1993ರ ಫೆಬ್ರುವರಿ 14ರ ರಾತ್ರಿ ಹ್ಯಾಂಪ್ಟನ್‌ನ ಒಂದು ಬೌಲಿಂಗ್ ಕೇಂದ್ರದಲ್ಲಿ ಕಪ್ಪು ಹುಡುಗರಿಗೂ ಬಿಳಿ ಹುಡುಗರಿಗೂ ಜಗಳ ಆಯ್ತು, ಕುರ್ಚಿಗಳು ಹಾರಿದವು. ಕೇಸು ಬಿದ್ದಿದ್ದು ನಾಲ್ವರು ಕಪ್ಪು ಹುಡುಗರ ಮೇಲೆ ಮಾತ್ರ. ಐವರ್ಸನ್‌ಗೆ ಆಗ 17 ವರ್ಷ. ಹಾಕಿದ್ದು ಎಂಥ ಕಾಯ್ದೆ ಗೊತ್ತಾ? ಗುಂಪು ಕಟ್ಟಿ ಅಂಗ ಊನ ಮಾಡಿದ ಅಪರಾಧದ್ದು. ಒಂದು ಕಾಲದಲ್ಲಿ ಕಪ್ಪು ಜನರನ್ನು ಹಿಡಿದು ಕೊಲ್ಲುತ್ತಿದ್ದ ಬಿಳಿಯರ ಗುಂಪುಗಳನ್ನು ತಡೆಯೋಕೆ ತಂದಿದ್ದ ಕಾಯ್ದೆ ಅದು. ಅದೇ ಕಾಯ್ದೆಯಲ್ಲಿ ಈ ಹುಡುಗನಿಗೆ 15 ವರ್ಷ ಶಿಕ್ಷೆ, ಅದರಲ್ಲಿ 10 ವರ್ಷ ಅಮಾನತು. ನಾಲ್ಕು ತಿಂಗಳು ಒಳಗಿದ್ದ. ಆ ವರ್ಷದ ಕೊನೆಗೆ ರಾಜ್ಯದ ಗವರ್ನರ್ ಡಗ್ಲಸ್ ವೈಲ್ಡರ್ ಕ್ಷಮಾದಾನ ಕೊಟ್ಟರು. 1995ರಲ್ಲಿ ಮೇಲ್ಮನವಿ ಕೋರ್ಟು ಸಾಕ್ಷ್ಯ ಸಾಲದು ಅಂತ ತೀರ್ಪನ್ನೇ ರದ್ದು ಮಾಡಿತು.

ಜೈಲಿಗೆ ಹೋಗಿ ಬಂದ ಹುಡುಗನನ್ನು ಕಾಲೇಜುಗಳು ಮುಟ್ಟಲಿಲ್ಲ. ಆಗ ಆನ್ ಅವರೇ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕೋಚ್ ಜಾನ್ ಥಾಂಪ್ಸನ್ ಹತ್ರ ಹೋಗಿ ಮಗನನ್ನು ಸೇರಿಸ್ಕೊಳ್ಳಿ ಅಂತ ಬೇಡಿಕೊಂಡರು. ಥಾಂಪ್ಸನ್ ಸೇರಿಸಿಕೊಂಡರು. ಐವರ್ಸನ್ ಮೈಮೇಲೆ ಮೊದಲ ಹಚ್ಚೆ ಬಿದ್ದಿದ್ದು ಅಲ್ಲೇ: ಒಂದು ಬುಲ್‌ಡಾಗ್. ಅದು ಜಾರ್ಜ್‌ಟೌನ್ ತಂಡದ ಲಾಂಛನ.

1996ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯೇ ಅವನು. ಅಲ್ಲಿಂದ ಹಚ್ಚೆ ಬೆಳೀತಾ ಹೋಯ್ತು. ಮನೆಯವರ ಹೆಸರುಗಳು. ಊರಿನ ಗೆಳೆಯರ ಗುಂಪಿಗೆ ಇಟ್ಕೊಂಡಿದ್ದ ಹೆಸರು ‘ಕ್ರೂ ಥಿಕ್’. ಗಟ್ಟಿಗರಷ್ಟೇ ಉಳೀತಾರೆ ಅನ್ನೋ ಅರ್ಥದ ಒಂದು ಸಾಲು. ಕತ್ತಿನ ಮೇಲೆ ಒಂದು ಚೀನೀ ಅಕ್ಷರ, ಅರ್ಥ ನಿಷ್ಠೆ. ಜೈಲಿನ ಕಾಲದಲ್ಲಿ ಯಾರು ಜೊತೆಗಿದ್ದರು, ಯಾರು ಇರಲಿಲ್ಲ ಅನ್ನೋದು ಗೊತ್ತಿದ್ದರೆ ಈ ಪಟ್ಟಿ ಓದೋಕೆ ಕಷ್ಟ ಇಲ್ಲ. ಕೋಟ್ಯಧಿಪತಿ ಆದಮೇಲೂ ಇವರನ್ನು ಬಿಡಲ್ಲ ಅಂತ ಬರೆದುಕೊಟ್ಟ ಪತ್ರ ಅದು. ಹೂಪ್‌ನವರು ಒರೆಸಿದ್ದು ಆ ಪತ್ರವನ್ನು.

(ಚೀನೀ ಅಕ್ಷರ ಅಂದಾಗ ಒಂದು ತಮಾಷೆ ನೆನಪಾಯ್ತು. ಆ ಕಾಲದಲ್ಲಿ ಚೀನೀ ಅಕ್ಷರ ಹಾಕಿಸಿಕೊಳ್ಳೋ ಗೀಳು ಲೀಗ್ ತುಂಬ ಹಬ್ಬಿತ್ತು. ಶಾನ್ ಮೇರಿಯನ್ ಅನ್ನೋ ಆಟಗಾರನ ಅಡ್ಡಹೆಸರು ‘ಮೇಟ್ರಿಕ್ಸ್’. ಅದನ್ನೇ ಚೀನೀ ಲಿಪಿಯಲ್ಲಿ ಕಾಲಿನ ಮೇಲೆ ಬರೆಸ್ಕೊಂಡ. ಚೀನೀ ಬಲ್ಲವರು ಓದಿದರೆ ಅಲ್ಲಿರೋದು ಹೆಚ್ಚುಕಡಿಮೆ ‘ದೆವ್ವ, ಹಕ್ಕಿ, ಕರ್ಪೂರದ ಮರ’. ಗೊತ್ತಿಲ್ಲದ ಭಾಷೆಯಲ್ಲಿ ಟ್ಯಾಟೂ ಹಾಕಿಸೋ ಪ್ಲಾನ್ ಇರೋರು ದಯವಿಟ್ಟು ಭಾಷೆ ಬಲ್ಲ ಇಬ್ಬರನ್ನು ಕೇಳಿ.)

ಸರಿ, ಮ್ಯಾಗಜೀನ್‌ನವರಿಗೆ ಅಷ್ಟೊಂದು ಮುಜುಗರ ಯಾಕೆ? ಐವರ್ಸನ್‌ಗೆ ಮೊದಲೂ ಹಚ್ಚೆ ಇತ್ತು. ಡೆನಿಸ್ ರಾಡ್‌ಮನ್ ಗೊತ್ತಿರಬಹುದು, ವಾರಕ್ಕೊಂದು ಬಣ್ಣದ ಕೂದಲು, ಮೈತುಂಬ ಚಿತ್ರ. ಅವನ ತೋಳಿನಲ್ಲೂ ಮಗಳ ಮುಖ ಇತ್ತು, ಆದ್ರೆ ಜನ ಅದನ್ನು ನೋಡಲೇ ಇಲ್ಲ. ಅವನು ವಿಚಿತ್ರ ಮನುಷ್ಯ, ಬಿಡಿ ಅಂದರು. ಒಬ್ಬ ವಿಚಿತ್ರ ಮನುಷ್ಯನಿಂದ ವ್ಯಾಪಾರಕ್ಕೆ ನಷ್ಟ ಇಲ್ಲ, ಲಾಭವೇ. ಐವರ್ಸನ್ ಹಾಗಲ್ಲ. ಮೈಕಲ್ ಜೋರ್ಡನ್ ನಂತರ ಲೀಗನ್ನು ಮಾರಬೇಕಾದ ಮುಖಗಳಲ್ಲಿ ಅವನೊಬ್ಬ. ಜೊತೆಗೆ ಅವನು ಒಂಟಿಯೂ ಅಲ್ಲ. 1997ರಲ್ಲೇ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಲೆಕ್ಕ ಹಾಕಿದಾಗ ಲೀಗ್‌ನ ಮೂರರಲ್ಲಿ ಒಬ್ಬನಿಗಿಂತ ಹೆಚ್ಚು ಆಟಗಾರರ ಮೈಮೇಲೆ ಹಚ್ಚೆ ಇತ್ತು. ದುಬಾರಿ ಟಿಕೆಟ್ ಕೊಂಡು ಮೊದಲ ಸಾಲಲ್ಲಿ ಕೂರೋರಲ್ಲಿ, ಜಾಹೀರಾತು ಕೊಡೋ ಕಂಪನಿಗಳಲ್ಲಿ ಹೆಚ್ಚಿನವರು ಬಿಳಿಯರು. ಅವರಿಗೆ ಈ ತೋಳುಗಳಲ್ಲಿ ಕಂಡಿದ್ದು ಜೈಲು ಮತ್ತು ಗ್ಯಾಂಗು. ‘ಅಮ್ಮ’ ಅಂತ ಬರೆದಿದ್ದರೂ ಅವರು ಓದಿದ್ದು ‘ರೌಡಿ’ ಅಂತ. ನನ್ನ ಪ್ರಕಾರ ಹೂಪ್ ಮುಖಪುಟ ಯಾರೋ ಡಿಸೈನರ್‌ನ ಅತಿ ಉತ್ಸಾಹ ಅಂತ ಬಿಟ್ಟುಬಿಡೋ ವಿಷಯ ಅಲ್ಲ. ಆಟ ಬೇಕು, ಆಟಗಾರ ಬಂದ ಬೀದಿ ಬೇಡ ಅನ್ನೋ ಮನಸ್ಸು ಅಲ್ಲಿ ಕಾಣುತ್ತೆ.

2001ರಲ್ಲಿ ಐವರ್ಸನ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಗೆದ್ದ, ತಂಡವನ್ನು ಫೈನಲ್‌ಗೆ ಒಯ್ದ. ಅವನನ್ನು ತಿದ್ದೋಕೆ ಆಗಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು. 2005ರಲ್ಲಿ ಲೀಗ್ ಕಮಿಷನರ್ ಡೇವಿಡ್ ಸ್ಟರ್ನ್ ಉಡುಪಿನ ನಿಯಮ ತಂದರು, ದಪ್ಪ ಸರ, ದೊಗಳೆ ಬಟ್ಟೆ ಇವಕ್ಕೆಲ್ಲ ಕತ್ತರಿ. ಅದು ತನ್ನಂಥವರನ್ನೇ ಗುರಿ ಮಾಡಿದ್ದು ಅಂತ ಐವರ್ಸನ್ ವಿರೋಧಿಸಿದ. ಬಟ್ಟೆ ಬಿಚ್ಚಿಸಬಹುದು, ಚರ್ಮ ಬಿಚ್ಚಿಸೋಕಾಗಲ್ಲವಲ್ಲ. ಹಚ್ಚೆ ಉಳೀತು.

ಆದರೂ ಹುಷಾರಾಗಿದ್ದವರು ಇದ್ದರು. 2011ರ ಬೇಸಿಗೆಯಲ್ಲಿ ಕೆವಿನ್ ಡುರಾಂಟ್ ಅಂಗಿ ಇಲ್ಲದ ಫೋಟೊಗಳು ಹೊರಬಂದಾಗ ಜನ ಬೆಚ್ಚಿಬಿದ್ದರು. ಎದೆ, ಹೊಟ್ಟೆ ತುಂಬ ಹಚ್ಚೆ. ಜೆರ್ಸಿಯ ಹೊರಗೆ ಕಾಣೋ ತೋಳಿನಲ್ಲಿ ಒಂದು ಚುಕ್ಕೆಯೂ ಇಲ್ಲ. ಅಮೆರಿಕದ ಪತ್ರಕರ್ತರು ಅದಕ್ಕೆ ‘ಬಿಸಿನೆಸ್ ಟ್ಯಾಟೂ’ ಅಂತ ಹೆಸರಿಟ್ಟರು. ಜಾಹೀರಾತಿಗೆ ಎಷ್ಟು ಚರ್ಮ ಬೇಕೋ ಅಷ್ಟು ಖಾಲಿ, ಉಳಿದದ್ದು ತನಗೆ.

ಈಗ ಕಥೆಯ ತಿರುವು. ಅಳಿಸಬೇಕು ಅಂತಿದ್ದ ಹಚ್ಚೆಗೆ ಬೆಲೆ ಬಂತು.

ರಷೀದ್ ವಾಲೆಸ್ ಅನ್ನೋ ಆಟಗಾರನಿಗೆ 2001ರಲ್ಲಿ ಒಂದು ಮಿಠಾಯಿ ಕಂಪನಿ ತನ್ನ ಜಾಹೀರಾತನ್ನು ಮೈಮೇಲೆ ಹಚ್ಚೆಯಾಗಿ ಹಾಕ್ಕೊಂಡು ಆಡ್ತೀಯಾ ಅಂತ ಕೇಳಿತ್ತು. ಲೀಗ್ ಬೇಡ ಅಂದಿತು. ಕಂಪನಿಗಳ ಲೋಗೊ ಮೈಮೇಲೆ ಕಾಣಬಾರದು ಅನ್ನೋ ನಿಯಮ ಆಮೇಲೂ ಮುಂದುವರೀತು. 2018ರಲ್ಲಿ ಜೆ.ಆರ್. ಸ್ಮಿತ್ ಕಾಲಿನ ಹಿಂದೆ ‘ಸುಪ್ರೀಮ್’ ಬಟ್ಟೆ ಬ್ರ್ಯಾಂಡಿನ ಲೋಗೊ ಹಾಕಿಸ್ಕೊಂಡ. ಮುಚ್ಚಿಕೊಂಡು ಆಡು, ಇಲ್ಲದಿದ್ರೆ ಪಂದ್ಯಕ್ಕೊಂದರಂತೆ ದಂಡ ಅಂದಿತು ಲೀಗ್. ಮಜಾ ಏನಂದ್ರೆ, ಅದರ ಹಿಂದಿನ ಸೀಸನ್‌ನಿಂದಲೇ ತಂಡಗಳ ಜೆರ್ಸಿ ಮೇಲೆ ಪ್ರಾಯೋಜಕರ ಲೋಗೊ ಅಂಟಿಸೋಕೆ ಲೀಗ್ ಒಪ್ಪಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಸುಪ್ರೀಮ್ ಮತ್ತು ನೈಕಿ ಸೇರಿ ಎನ್‌ಬಿಎ ಜೆರ್ಸಿಯನ್ನೇ ಮಾರಿದ್ದವು. ಎದೆ ಮೇಲಿನ ಬಟ್ಟೆಯನ್ನು ಲೀಗ್ ಮಾರಬಹುದು, ಕಾಲಿನ ಚರ್ಮವನ್ನು ಅದರ ಒಡೆಯ ಮಾರಬಾರದು.

ಒಡೆಯ ಅಂದೆ. ಅಲ್ಲೇ ಇನ್ನೊಂದು ತಕರಾರು. ವಾಲೆಸ್ 1998ರಲ್ಲಿ ಪೋರ್ಟ್‌ಲ್ಯಾಂಡ್‌ನ ಒಬ್ಬ ಕಲಾವಿದನ ಹತ್ರ ಹೋಗಿ 450 ಡಾಲರ್ ಕೊಟ್ಟು ತೋಳಿನ ಮೇಲೆ ಒಂದು ಈಜಿಪ್ಟ್ ಶೈಲಿಯ ಚಿತ್ರ ಹಾಕಿಸಿಕೊಂಡಿದ್ದ: ರಾಜ, ರಾಣಿ, ಮೂವರು ಮಕ್ಕಳು, ಹಿಂದೆ ಸೂರ್ಯ. ಅದು ತನ್ನ ಸಂಸಾರ. ಮುಂದೆ ನೈಕಿ ಜಾಹೀರಾತಿನಲ್ಲಿ ಆ ಹಚ್ಚೆ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಮೂಡಿಬರುತ್ತೆ, ವಾಲೆಸ್ ಅದರ ಅರ್ಥ ಹೇಳ್ತಾನೆ. ಕಲಾವಿದ 2005ರಲ್ಲಿ ಕೋರ್ಟಿಗೆ ಹೋದ: ಚಿತ್ರ ಬರೆದವನು ನಾನು, ಕಾಪಿರೈಟ್ ನಂದು. ಕೇಸು ರಾಜಿಯಲ್ಲಿ ಮುಗೀತು, ತೀರ್ಪು ಬರಲಿಲ್ಲ.

ಕಲಾವಿದನ ಕಡೆಗೂ ನ್ಯಾಯ ಇದೆ, ಅದನ್ನು ತಳ್ಳಿಹಾಕಬಾರದು. ಗೋಡೆ ಮೇಲೆ ಬರೆದ ಚಿತ್ರ ಗೋಡೆ ಒಡೆಯನಿಗೆ ಸೇರಬಹುದು, ಆದ್ರೆ ಅದನ್ನು ಪ್ರಿಂಟ್ ಹಾಕಿ ಮಾರೋ ಹಕ್ಕು ಚಿತ್ರಕಾರನದ್ದೇ. ಕಾನೂನು ಹೀಗೇ ಯೋಚಿಸುತ್ತೆ. ಕಷ್ಟ ಏನಂದ್ರೆ ಇಲ್ಲಿ ಗೋಡೆ ಓಡಾಡುತ್ತೆ, ಟಿವಿಯಲ್ಲಿ ಬರುತ್ತೆ, ಅದಕ್ಕೆ ಅಮ್ಮ ಇದ್ದಾಳೆ.

ಅಮ್ಮ ಅಂದಾಗ ಲೆಬ್ರಾನ್ ಜೇಮ್ಸ್. ಓಹಿಯೊ ರಾಜ್ಯದ ಆಕ್ರನ್ ಊರಿನವನು. ಅವನು ಹುಟ್ಟಿದಾಗ ಅಮ್ಮ ಗ್ಲೋರಿಯಾಗೆ 16 ವರ್ಷ, ಒಬ್ಬರೇ ಸಾಕಿದರು. ಓದಿದ್ದು ಕ್ಯಾಥೊಲಿಕ್ ಹೈಸ್ಕೂಲು. ಅಲ್ಲಿ ಟ್ಯಾಟೂ ಕಾಣಬಾರದು, ಹಾಗಾಗಿ ಬ್ಯಾಂಡೇಜ್ ಅಂಟಿಸ್ಕೊಂಡು ಆಡ್ತಿದ್ದ. ಈಗ ಅವನ ತೋಳಿನಲ್ಲಿ ‘ಗ್ಲೋರಿಯಾ’ ಇದೆ. ಬೆನ್ನಿನ ಮೇಲೆ ‘ಚೋಸನ್ 1’. 2002ರಲ್ಲಿ, ಇನ್ನೂ ಹೈಸ್ಕೂಲಲ್ಲಿದ್ದಾಗ, ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಮುಖಪುಟದಲ್ಲಿ ಕೊಟ್ಟ ಬಿರುದು ಅದು. ಇನ್ನೊಂದು, ಬೆಂಕಿಯ ಜ್ವಾಲೆ ಜೊತೆ 330 ಅನ್ನೋ ಸಂಖ್ಯೆ. ಅದು ಆಕ್ರನ್‌ನ ಟೆಲಿಫೋನ್ ಕೋಡ್. ಊರಿನ ಎಸ್‌ಟಿಡಿ ಕೋಡ್ ಮೈಮೇಲೆ ಬರೆಸ್ಕೊಂಡ ಹಾಗೆ.

ಈ 330 ಕೋರ್ಟು ಹತ್ತಿತು. ‘ಎನ್‌ಬಿಎ 2ಕೆ’ ಗೇಮ್ ನಿಮ್ಮಲ್ಲಿ ಹಲವರು ಆಡಿರ್ತೀರಿ. ಅದರಲ್ಲಿ ಆಟಗಾರರ ಬೆವರು ಕೂಡ ನಿಜದ ಹಾಗೆ ಕಾಣಬೇಕು, ಹಾಗಾಗಿ ಹಚ್ಚೆಯೂ ಬೇಕು. ಸಾಲಿಡ್ ಓಕ್ ಸ್ಕೆಚಸ್ ಅನ್ನೋ ಕಂಪನಿ ಲೆಬ್ರಾನ್, ಕೆನ್ಯನ್ ಮಾರ್ಟಿನ್, ಎರಿಕ್ ಬ್ಲೆಡ್ಸೋ, ಈ ಮೂವರ ಐದು ಹಚ್ಚೆಗಳ ಹಕ್ಕನ್ನು ಕಲಾವಿದರಿಂದ ಪಡೆದು ಗೇಮ್ ಕಂಪನಿಗೆ ಲೆಕ್ಕ ಕಳಿಸಿತು: ಹಳೇ ಬಾಕಿಗೆ 8,19,500 ಡಾಲರ್. ಸಿಗಲಿಲ್ಲ, 2016ರಲ್ಲಿ ಕೇಸು ಹಾಕಿತು. ಲೆಬ್ರಾನ್ ಕೋರ್ಟಿಗೆ ಕೊಟ್ಟ ಹೇಳಿಕೆಯ ತಿರುಳು ಇದು: ಇವು ನನ್ನ ದೇಹದ ಭಾಗ, ನನ್ನ ರೂಪದ ಭಾಗ; ನನ್ನನ್ನು ತೋರಿಸುವಾಗ ಇವನ್ನೂ ತೋರಿಸೋ ಹಕ್ಕು ನನಗಿದೆ.

ನ್ಯೂಯಾರ್ಕ್‌ನ ನ್ಯಾಯಾಧೀಶೆ ಲಾರಾ ಟೇಲರ್ ಸ್ವೇನ್ 2020ರ ಮಾರ್ಚ್‌ನಲ್ಲಿ ಗೇಮ್ ಕಂಪನಿ ಪರ ತೀರ್ಪು ಕೊಟ್ಟರು. ಗೇಮಿನಲ್ಲಿ ಆ ಹಚ್ಚೆಗಳು ನಿಜವಾದ ಗಾತ್ರದ ಶೇ 4.4ರಿಂದ ಶೇ 10.96ರಷ್ಟು ಮಾತ್ರ, ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ ಅಂದರು. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು. ಹಚ್ಚೆ ಹಾಕುವಾಗಲೇ ಕಲಾವಿದನಿಗೆ ಗೊತ್ತಿತ್ತು, ಈ ಮನುಷ್ಯ ಜನರ ಮುಂದೆ ಹೋಗ್ತಾನೆ, ಟಿವಿಯಲ್ಲಿ, ಗೇಮಿನಲ್ಲಿ ಬರ್ತಾನೆ ಅಂತ. ಸೂಜಿ ಹಿಡಿದ ಕ್ಷಣದಲ್ಲೇ ಬಾಯಿಬಿಟ್ಟು ಹೇಳದ ಒಂದು ಅನುಮತಿ ಆಟಗಾರನಿಗೆ ಸಿಕ್ಕಾಯ್ತು.

ಅಂದ್ರೆ ಐವರ್ಸನ್ ಪ್ರಶ್ನೆಗೆ ಇಪ್ಪತ್ತು ವರ್ಷಗಳ ನಂತರ ಒಂದು ಅಡ್ಡದಾರಿಯಲ್ಲಿ ಉತ್ತರ ಬಂತು. ಯಾರ ಪರ ಬಂತು ನೋಡಿ: ಕೇಸು ಗೆದ್ದಿದ್ದು ಗೇಮ್ ಕಂಪನಿ. ಆಟಗಾರ ಅಲ್ಲಿ ಕಕ್ಷಿದಾರನೂ ಅಲ್ಲ, ಸಾಕ್ಷಿ ಅಷ್ಟೇ.

ಎಲ್ಲ ಕೋರ್ಟೂ ಹೀಗೇ ಹೇಳಲಿಲ್ಲ. 2022ರಲ್ಲಿ ಇಲಿನಾಯ್ ರಾಜ್ಯದ ಜ್ಯೂರಿ, ಕುಸ್ತಿಪಟು ರ‍್ಯಾಂಡಿ ಆರ್ಟನ್‌ಗೆ ಹಚ್ಚೆ ಹಾಕಿದ್ದ ಕಲಾವಿದೆಯ ಪರ ನಿಂತಿತು, 3,750 ಡಾಲರ್ ಕೊಡಿ ಅಂದಿತು. ಕೊಡಬೇಕಿದ್ದ ಕಂಪನಿಗಳಲ್ಲಿ ಅದೇ 2ಕೆ ಕೂಡ ಇತ್ತು. ಎರಡು ವರ್ಷದ ನಂತರ, 2024ರ ಏಪ್ರಿಲ್‌ನಲ್ಲಿ, ಲೆಬ್ರಾನ್‌ಗೆ ಹಚ್ಚೆ ಹಾಕಿದ್ದ ಕ್ಲೀವ್‌ಲ್ಯಾಂಡ್‌ನ ಇನ್ನೊಬ್ಬ ಕಲಾವಿದನ ಕೇಸು ಅದೇ ಊರಿನ ಜ್ಯೂರಿ ಮುಂದೆ ಬಂತು. ಆ ಊರಿನ ಜನ ಲೆಬ್ರಾನ್ ಆಟವನ್ನು ಹತ್ತಾರು ವರ್ಷ ನೋಡಿದವರು. ಕಲಾವಿದ ಸೋತ. ಹಚ್ಚೆ ಹಾಕಿಸಿಕೊಂಡವನು ಅದರ ಜೊತೆಗೇ ಅನುಮತಿಯನ್ನೂ ಪಡೆದಿದ್ದ ಅಂತ ಜ್ಯೂರಿ ಒಪ್ಪಿತು.

ಇವತ್ತಿಗೆ ಇಷ್ಟು. ನಿಮ್ಮ ಮೈಮೇಲೋ ನಿಮ್ಮ ಅಜ್ಜಿಯ ತೋಳಿನಲ್ಲೋ ಒಂದು ಹಚ್ಚೆ ಇದ್ದು, ಅದರ ಹಿಂದೆ ಕಥೆ ಇದ್ದರೆ ಕಾಮೆಂಟಲ್ಲಿ ಬರೀರಿ. ಮುಂದಿನ ಕಂತಿನಲ್ಲಿ ಸಿಗೋಣ.